ದುಡಿಯುವ ಮಹಿಳೆಗೆ ಎಂಥ ಕಿವಿಮಿಷನ್?



ಸಂಘದ ಸಭೆಗೆ ಯಾರಾದರೂ ಕನ್ನಡಕ ಹಾಕಿಕೊಂಡು ಬಂದರೆ ನಾವು ಗಮನಿಸುವುದೂ ಇಲ್ಲ. ಕಿವಿಗೆ ಮಿಷನ್ ಹಾಕಿಕೊಂಡು ಬಂದರೆ ಮಾತ್ರ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ. ಇದಕ್ಕೆ ಹೆದರಿ ಎಷ್ಟೋ ಮಂದಿ ಕೇಳದಿದ್ದರೂ ಕೇಳಿದವರ ಹಾಗೆ ತಲೆಯಾಡಿಸುತ್ತಾರೆ. ಮನೆಯಲ್ಲಾದರೆ ಹೇಗೋ ನಡೆದುಹೋಗುತ್ತದೆ. ದುಡಿಯುವ ಜಾಗದಲ್ಲಿ ಒಂದು ಮಾತು ತಪ್ಪಿದರೆ ಆ ದಿನದ ಸಂಪಾದನೆಯೇ ಹೋಗಬಹುದು. ಅದಕ್ಕಾಗಿ ಈ ತಿಂಗಳ ಪಾಠಕ್ಕೆ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಕರಾವಳಿಯ ಒಂದು ಸಂಘದ ಸದಸ್ಯೆ ಮೀನು ವ್ಯಾಪಾರ ಮಾಡುತ್ತಾರೆ. ವಯಸ್ಸು ಐವತ್ತರ ಹತ್ತಿರ. ಬೆಳಕು ಹರಿಯುವ ಮೊದಲೇ ದಕ್ಕೆಗೆ ಹೋಗಿ ಏಲಂನಲ್ಲಿ ಬಂಗುಡೆ, ಬೂತಾಯಿ ಹಿಡಿದು, ಮಧ್ಯಾಹ್ನದವರೆಗೆ ಮಾರ್ಕೆಟ್ಟಿನಲ್ಲಿ ಕೂತು ಮಾರುತ್ತಾರೆ. ಏಲಂ ಕೂಗುವವರು ಸಾವಿರದ ಎಂಟ್ನೂರು ಅಂದದ್ದು ಇವರಿಗೆ ಸಾವಿರದ ಇನ್ನೂರು ಅಂತ ಕೇಳಿ, ಒಂದೇ ಬುಟ್ಟಿಯಲ್ಲಿ ಆರುನೂರು ರೂಪಾಯಿ ಲೆಕ್ಕ ತಪ್ಪಿತು. ಕೆಲವು ವರ್ಷಗಳ ಹಿಂದೆ ಶಿಬಿರವೊಂದರಲ್ಲಿ ಸಿಕ್ಕಿದ ಮಿಷನ್ ಇತ್ತು, ಆದರೆ ಅದು ಕುಯ್ ಅಂತ ಶಿಳ್ಳೆ ಹಾಕುತ್ತದೆಂದು ಮನೆಯಲ್ಲೇ ಬಿಟ್ಟಿದ್ದರು. ಹೊಸದು ಕೊಳ್ಳಲು ಸಂಘದಲ್ಲಿ ಸಾಲ ಕೇಳಿದರು. ಅವರ ಬೇಡಿಕೆ ಒಂದೇ: “ಸಿಸ್ಟರ್, ಹೊರಗೆ ಕಾಣುವುದು ಬೇಡ. ಕಿವಿ ಕೇಳುದಿಲ್ಲ ಅಂತ ಗೊತ್ತಾದ್ರೆ ದಕ್ಕೆಯಲ್ಲಿ ಮೋಸ ಮಾಡ್ತಾರೆ.”

ಅವರ ಭಯ ಸುಳ್ಳಲ್ಲ. ಆದರೂ ಮಿಷನ್ ಆರಿಸುವಾಗ ‘ಕಾಣುತ್ತದೋ ಇಲ್ಲವೋ’ ಎಂಬುದು ಮೊದಲ ಪ್ರಶ್ನೆ ಆಗಬಾರದು. ನಾವು ಅವರ ಜೊತೆ ಕೂತು, ಅವರ ಒಂದು ದಿನವನ್ನು ನೋಟ್ ಪುಸ್ತಕದಲ್ಲಿ ಬರೆಸಿದೆವು. ದಕ್ಕೆಯಲ್ಲಿ ಬೋಟಿನ ಇಂಜಿನ್ ಸದ್ದು, ಮಂಜುಗಡ್ಡೆ ಒಡೆಯುವ ಸದ್ದು, ನಾಲ್ಕು ಜನ ಒಟ್ಟಿಗೆ ಕೂಗುವುದು. ಮಾರ್ಕೆಟ್ಟಿನಲ್ಲಿ ಎದುರು ನಿಂತು ಚೌಕಾಸಿ ಮಾಡುವ ಗಿರಾಕಿ. ದಿನವಿಡೀ ಒದ್ದೆ ಕೈ, ಉಪ್ಪಿನ ಗಾಳಿ, ಬೆವರು. ಫೋನಿನಲ್ಲಿ ಹೋಟೆಲಿನವರ ಆರ್ಡರ್. ಬ್ಯಾಂಕಿನಲ್ಲಿ ಗಾಜಿನ ಹಿಂದಿನಿಂದ ಮಾತು. ಆದಿತ್ಯವಾರ ಸಂಘದ ಸಭೆ. ಈ ಪಟ್ಟಿಯನ್ನೇ ತೆಗೆದುಕೊಂಡು ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರ ಹತ್ತಿರ ಹೋದರು. ಅಂಗಡಿಯವರು ತೋರಿಸುವ ಬಣ್ಣದ ಪುಸ್ತಕಕ್ಕಿಂತ ಇಂಥ ಪಟ್ಟಿಗೆ ಬೆಲೆ ಹೆಚ್ಚು.

ಅಲ್ಲಿ ತಿಳಿದುಬಂದದ್ದು ಇಷ್ಟು. ಕಿವಿಯೊಳಗೆ ಪೂರ್ತಿ ಅಡಗುವ ಸಣ್ಣ ಮಿಷನಿನಲ್ಲಿ ಎರಡು ಮೈಕ್ ಇಡಲು ಜಾಗ ಇರುವುದಿಲ್ಲ. ಎರಡು ಮೈಕ್ ಇದ್ದರೆ ಎದುರಿನವರ ಮಾತನ್ನು ಹೆಚ್ಚು ಹಿಡಿದು, ಹಿಂದಿನ ಗದ್ದಲವನ್ನು ತಕ್ಕಮಟ್ಟಿಗೆ ತಗ್ಗಿಸಬಹುದು. ಸಣ್ಣದಕ್ಕೆ ಬೆವರು, ಕಿವಿಯ ಗುಗ್ಗೆಯ ತೊಂದರೆಯೂ ಜಾಸ್ತಿ. ಅದರ ಚಿಕ್ಕ ಬ್ಯಾಟರಿ ಬೇಗ ಮುಗಿಯುತ್ತದೆ, ಒದ್ದೆ ಕೈಯಲ್ಲಿ ಹಿಡಿಯಲಿಕ್ಕೂ ಆಗುವುದಿಲ್ಲ. ಆದ್ದರಿಂದ ಅವರಿಗೆ ಕಿವಿಯ ಹಿಂದೆ ಕೂರುವ, ಸದ್ದು ಏರಿಸಿ ಇಳಿಸಲು ಗುಂಡಿ ಇರುವ, ನೀರಿನ ಪಸೆ ತಡೆಯುವ ಮಿಷನ್ ಸರಿಯಾಯಿತು. ಕಿವಿಯ ಅಳತೆ ತೆಗೆದು ಹೊಸ ಅಚ್ಚು ಮಾಡಿಸಿದ ಮೇಲೆ ಶಿಳ್ಳೆ ನಿಂತಿತು. ಅಚ್ಚು ಸಡಿಲವಾದರೆ ಎಷ್ಟು ದುಬಾರಿ ಮಿಷನ್ನೂ ಶಿಳ್ಳೆ ಹಾಕುತ್ತದೆ. ಹಳೆಯ ಮಿಷನನ್ನು ಎಸೆಯುವ ಮೊದಲು ಅಚ್ಚನ್ನು ಪರೀಕ್ಷೆ ಮಾಡಿಸಿರಿ. ಕೆಲವರಿಗೆ ಹೊಸ ಅಚ್ಚಿನಲ್ಲೇ ಕೆಲಸ ಮುಗಿದೀತು.

ಮಿಷನಿನ ಜೊತೆ ಒಂದು ಉಪಾಯವನ್ನೂ ಹೇಳಿಕೊಟ್ಟರು: ಇಂಜಿನ್ ಸದ್ದಿಗೆ ಬೆನ್ನು ಹಾಕಿ, ಏಲಂ ಕೂಗುವವರಿಗೆ ಮುಖ ಕೊಟ್ಟು ನಿಲ್ಲಬೇಕು. ಗದ್ದಲವನ್ನು ಪೂರ್ತಿ ಅಳಿಸಿಹಾಕುವ ಮಿಷನ್ ಇಲ್ಲ. ‘ಇದೆ’ ಎಂದು ಹೇಳಿ ಮಾರುವವರ ಮಾತನ್ನು ನಂಬಬೇಡಿರಿ.

ಮಿಷನಿಗೆ ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಲೇಬೇಕು. ಕಿವಿ ಸೋರುವುದು, ಒಂದೇ ಕಿವಿ ಮಂದವಾಗುವುದು, ತಲೆ ಸುತ್ತು ಇದ್ದರೆ ಅದಕ್ಕೆ ಚಿಕಿತ್ಸೆ ಬೇರೆ. ಒಮ್ಮೆಲೇ ಕೇಳದಂತಾದರೆ ‘ನಾಳೆ ನೋಡುವ’ ಎನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಮೇಲೆ ಎರಡೂ ಕಿವಿಗಳ ಪರೀಕ್ಷೆ ಮಾಡಿಸಿ, ಆಡಿಯೋಗ್ರಾಮ್ ಎಂಬ ಚಾರ್ಟನ್ನು ಕೇಳಿ ತೆಗೆದುಕೊಳ್ಳಿರಿ, ಅದು ನಿಮ್ಮದೇ ದಾಖಲೆ. ಪರೀಕ್ಷೆ ಇಲ್ಲದೆ ಅಂಚೆಯಲ್ಲೋ ಫೋನಿನಲ್ಲೋ ತರಿಸುವ ಅಗ್ಗದ ಯಂತ್ರ ಎಲ್ಲ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುತ್ತದೆ. ಇಂಥದರಿಂದ ಉಳಿದ ಶ್ರವಣಕ್ಕೂ ಹಾನಿ ಆಗಬಹುದು.

ಚಾರ್ಜ್ ಮಾಡುವ ಮಿಷನ್ ಒಳ್ಳೆಯದೋ ಬ್ಯಾಟರಿಯದ್ದೋ ಎಂದು ಅನೇಕರು ಕೇಳುತ್ತಾರೆ. ಮನೆಯಲ್ಲಿ ರಾತ್ರಿ ಕರೆಂಟು ಸರಿಯಾಗಿ ಇದ್ದರೆ ಚಾರ್ಜಿನದ್ದು ಸುಲಭ. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟು ಹೋಗುವ ಊರಿನವರಿಗೆ ಬ್ಯಾಟರಿಯದ್ದೇ ವಾಸಿ, ಸೊಂಟದ ಚೀಲದಲ್ಲಿ ಒಂದು ಜೊತೆ ಇಟ್ಟುಕೊಂಡರೆ ಆಯಿತು. ಆದರೆ ಈ ಗುಂಡಿ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು. ಮಗು ನುಂಗಿದರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ರಾತ್ರಿ ಮಿಷನನ್ನು ಒರೆಸಿ, ಪಸೆ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಬೇಕು.

ಗೇರುಬೀಜದ ಕಾರ್ಖಾನೆ, ಜಲ್ಲಿ ಕ್ರಷರ್, ಮಗ್ಗದ ಕೆಲಸದವರಿಗೆ ಒಂದು ಮಾತು. ಕಿವಿಮಿಷನ್ ಕಿವಿಗೆ ರಕ್ಷಣೆ ಅಲ್ಲ. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನಕ್ಕೆ 8 ಗಂಟೆ ದುಡಿದರೆ ಕಿವಿ ಕೆಡುತ್ತದೆ. ಅಂಥ ಜಾಗದಲ್ಲಿ ಏನು ಹಾಕಿಕೊಳ್ಳಬೇಕೆಂದು ತಜ್ಞರಲ್ಲಿ ಬೇರೆಯಾಗಿ ಕೇಳಿರಿ.

ಹಣದ ವಿಷಯ. ಮಿಷನಿನ ಬೆಲೆ ಕೆಲವು ಸಾವಿರದಿಂದ ಲಕ್ಷದ ಮೇಲೂ ಇದೆ. ಬೆಲೆ ಏರಿದ ಹಾಗೆ ಸೌಲಭ್ಯ ಏರುತ್ತದೆ, ಅವೆಲ್ಲ ನಿಮಗೆ ಬೇಕೆಂದಿಲ್ಲ. ಎರಡೂ ಕಿವಿ ಮಂದವಾಗಿದ್ದರೆ ತುಂಬಾ ದುಬಾರಿಯ ಒಂದಕ್ಕಿಂತ ಮಧ್ಯಮ ಬೆಲೆಯ ಎರಡು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ; ಸದ್ದು ಯಾವ ಕಡೆಯಿಂದ ಬಂತು ಎಂದು ತಿಳಿಯಲು ಎರಡು ಕಿವಿ ಬೇಕು. ಅಚ್ಚು, ಗ್ಯಾರಂಟಿ, ಮತ್ತೆ ಮತ್ತೆ ಹೊಂದಿಸುವ ಖರ್ಚು ಎಲ್ಲ ಸೇರಿ ಎಷ್ಟೆಂದು ಬರೆಸಿಕೊಳ್ಳಿರಿ. ಸಾಧ್ಯವಾದರೆ ಕೆಲವು ದಿನ ನಿಮ್ಮ ಕೆಲಸದ ಜಾಗದಲ್ಲೇ ಹಾಕಿ ನೋಡಲು ಕೇಳಿರಿ. ಶಾಂತವಾದ ಕೋಣೆಯಲ್ಲಿ ಎಲ್ಲ ಮಿಷನ್ನೂ ಚೆನ್ನಾಗಿಯೇ ಕೇಳಿಸುತ್ತದೆ.

ಕೇಂದ್ರ ಸರಕಾರದ ಎಡಿಐಪಿ ಯೋಜನೆ 1981ರಿಂದ ಇದೆ. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇರುವ, ಆದಾಯ ಮಿತಿಯೊಳಗಿನವರಿಗೆ ಇದರಲ್ಲಿ ಮಿಷನ್ ಸಿಗುತ್ತದೆ. ನಿಮ್ಮ ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಸಲಹೆಯೂ ಸಿಗುತ್ತದೆ.

ಸಂಘದ ಆಂತರಿಕ ಸಾಲ ಕೊಡುವಾಗ ಕಿವಿಮಿಷನನ್ನು ‘ಕಾಯಿಲೆ ಖರ್ಚು’ ಎಂದು ಬರೆಯುವ ಪದ್ಧತಿ ಇದೆ. ಹೊಲಿಗೆ ಮಿಷನಿಗೆ ಕೊಟ್ಟದ್ದು ಆದಾಯದ ಸಾಲವಾದರೆ, ಏಲಂನ ದರ ಕೇಳಿಸುವ ಮಿಷನಿಗೆ ಕೊಟ್ಟದ್ದು ಯಾಕಲ್ಲ? ಮೀನು ವ್ಯಾಪಾರದ ಆ ಸದಸ್ಯೆಗೆ ಸಂಘದವರು ಹಾಗೆಯೇ ಬರೆದು 20 ಕಂತಿನಲ್ಲಿ ಕೊಟ್ಟರು. ಮೊದಲ ವಾರಗಳಲ್ಲಿ ಪಾತ್ರೆಯ ಸದ್ದೂ ತಲೆಗೆ ಬಡಿಯುತ್ತದೆ ಎಂದು ಅವರು ಬೇಸರಪಟ್ಟರು. ಮೊದಲು ಮನೆಯಲ್ಲಿ, ಆಮೇಲೆ ಮಾರ್ಕೆಟ್ಟಿನಲ್ಲಿ, ಕೊನೆಗೆ ದಕ್ಕೆಯಲ್ಲಿ ಎಂದು ಹಂತ ಹಂತವಾಗಿ ರೂಢಿ ಮಾಡಿಕೊಂಡರು, ನಡುವೆ ಎರಡು ಸಲ ತಜ್ಞರಲ್ಲಿ ಹೋಗಿ ಸದ್ದು ಹೊಂದಿಸಿಕೊಂಡು ಬಂದರು.

ಮುಂದಿನ ಸಭೆಯಲ್ಲಿ ಚರ್ಚಿಸಲು: ನಮ್ಮ ಸಂಘದಲ್ಲಿ ಮಾತು ಸರಿಯಾಗಿ ಕೇಳದೆ ಸುಮ್ಮನೆ ಕೂರುವವರು ಯಾರಾದರೂ ಇದ್ದಾರೆಯೇ? ಸಭೆಯಲ್ಲಿ ಒಬ್ಬೊಬ್ಬರೇ, ಮುಖ ನೋಡಿ ಮಾತಾಡುತ್ತೇವೆಯೇ? ಉಳಿತಾಯದ ಲೆಕ್ಕ ಓದುವಾಗ ಫ್ಯಾನ್ ನಿಲ್ಲಿಸಬಹುದೇ?