ಔಷಧಕ್ಕೆ ಬಗ್ಗದ ಕ್ಯಾನ್ಸರ್ ಕೋಶ: ಪುಟ್ಟ ಆರ್‌ಎನ್‌ಎಗಳ ಕರಾಮತ್ತು



ನಾವು ನೆಲೆಸಿರುವ ನ್ಯೂಜಿಲೆಂಡ್, ದೊಡ್ಡ ಕರುಳಿನ ಕ್ಯಾನ್ಸರ್ ಅತಿ ಹೆಚ್ಚಾಗಿರುವ ದೇಶಗಳಲ್ಲೊಂದು. ಇಲ್ಲಿ ಪ್ರತಿ ವರ್ಷ 3,000ಕ್ಕೂ ಹೆಚ್ಚು ಜನರಿಗೆ ಈ ರೋಗ ಪತ್ತೆಯಾಗುತ್ತದೆ. ಸುಮಾರು 1,200 ಮಂದಿ ಅದಕ್ಕೆ ಬಲಿಯಾಗುತ್ತಾರೆ. "ಕೀಮೋಥೆರಪಿ ಮೊದಮೊದಲು ಚೆನ್ನಾಗಿ ಹಿಡಿಯಿತು, ಆಮೇಲೆ ಗಡ್ಡೆ ಮತ್ತೆ ಬೆಳೆಯಿತು" ಎಂಬ ಮಾತನ್ನು ನಮ್ಮಲ್ಲಿ ಹಲವರು ಕೇಳಿರುತ್ತೀರಿ. ಹೀಗೇಕೆ ಆಗುತ್ತದೆ? ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಓದಿ ತಿಳಿದುಕೊಂಡದ್ದನ್ನು ಸರಳವಾಗಿ ಹೇಳುವ ಪ್ರಯತ್ನ ಇದು.

ಆರ್‌ಎನ್‌ಎ ಎಂದರೇನು?

ಡಿಎನ್‌ಎ ಒಂದು ಅಡುಗೆ ಪುಸ್ತಕ ಎಂದುಕೊಳ್ಳಿ. ಅದರಿಂದ ಬರೆದುಕೊಂಡ ಚೀಟಿಯೇ ಆರ್‌ಎನ್‌ಎ. ತಯಾರಾಗುವ ಅಡುಗೆಯೇ ಪ್ರೋಟೀನ್. ಆದರೆ ಪ್ರೋಟೀನ್ ಮಾಡುವ ವಿಧಾನ ಇರುವುದು ಪುಸ್ತಕದ ಸುಮಾರು 2% ಭಾಗದಲ್ಲಿ ಮಾತ್ರ. ಉಳಿದ ಭಾಗದಿಂದಲೂ ಚೀಟಿಗಳು ಹೊರಡುತ್ತವೆ. ಅವುಗಳಿಂದ ಅಡುಗೆಯಾಗುವುದಿಲ್ಲ, ಅವು ಬೇರೆ ಚೀಟಿಗಳನ್ನು ನಿಯಂತ್ರಿಸುತ್ತವೆ. ಅವುಗಳಲ್ಲಿ ಸುಮಾರು 22 ಅಕ್ಷರಗಳಷ್ಟೇ ಉದ್ದದವು ಮೈಕ್ರೋ ಆರ್‌ಎನ್‌ಎಗಳು. ಇವು ಒಂದು ಚೀಟಿಗೆ ಅಂಟಿಕೊಂಡರೆ ಆ ಅಡುಗೆ ನಿಂತಂತೆ. 1993ರಲ್ಲಿ ಪುಟ್ಟ ಹುಳುವೊಂದರಲ್ಲಿ ಇದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು.

ಔಷಧ ಸೋಲುವುದು ಹೇಗೆ?

ಈ ಕ್ಯಾನ್ಸರಿಗೆ ಕೊಡುವ ಮುಖ್ಯ ಔಷಧ 5-ಫ್ಲೋರೋಯುರಾಸಿಲ್. ಇದು ಡಿಎನ್‌ಎಗೆ ಬೇಕಾದ ಕಚ್ಚಾವಸ್ತುವಿನ ತಯಾರಿಕೆಯನ್ನು ತಡೆದು, ಡಿಎನ್‌ಎಯಲ್ಲಿ ತಪ್ಪುಗಳನ್ನೂ ಸೇರಿಸುತ್ತದೆ. ಎಂಎಸ್‌ಎಚ್2 ಎಂಬ ಪ್ರೋಟೀನ್ ಆ ತಪ್ಪುಗಳನ್ನು ಗುರುತಿಸುವ ತನಿಖಾಧಿಕಾರಿ. ಅದು ಎಚ್ಚರಿಸಿದಾಗ ಕೋಶ ಬೆಳೆಯುವುದನ್ನು ನಿಲ್ಲಿಸಿ ಸಾಯುತ್ತದೆ. ಕರುಳಿನ ಗಡ್ಡೆಗಳಲ್ಲಿ ಮೈಕ್ರೋ ಆರ್‌ಎನ್‌ಎ-21 ಹೆಚ್ಚಾಗಿರುವುದುಂಟು. ಅದು ಎಂಎಸ್‌ಎಚ್2 ತಯಾರಿಕೆಯನ್ನೇ ತಗ್ಗಿಸುತ್ತದೆ ಎಂದು 2010ರ ಅಧ್ಯಯನವೊಂದು ತೋರಿಸಿತು. ತನಿಖಾಧಿಕಾರಿಯೇ ಇಲ್ಲದ ಮೇಲೆ ಕೇಳುವವರು ಯಾರು? ತಪ್ಪುಗಳನ್ನು ಇಟ್ಟುಕೊಂಡೇ ಕೋಶ ಬದುಕುತ್ತದೆ.

ಇನ್ನೊಂದು ದಾರಿ ಬ್ಯಾಕ್ಟೀರಿಯಾದ್ದು. ನಮ್ಮ ಬಾಯಲ್ಲಿರುವ ಫ್ಯೂಸೋಬ್ಯಾಕ್ಟೀರಿಯಂ ಕರುಳಿನ ಗಡ್ಡೆಗಳಲ್ಲೂ ಸಿಗುತ್ತದೆ. ಅದು ಎರಡು ಮೈಕ್ರೋ ಆರ್‌ಎನ್‌ಎಗಳನ್ನು ತಗ್ಗಿಸಿದಾಗ, ಕೋಶ ತನ್ನ ಹಾಳಾದ ಭಾಗಗಳನ್ನು ತಾನೇ ಜೀರ್ಣಿಸಿಕೊಂಡು ಔಷಧದ ಏಟಿನಿಂದ ಪಾರಾಗುತ್ತದೆ ಎಂದು 2017ರಲ್ಲಿ ತಿಳಿಯಿತು.

ನಾವೇನು ಮಾಡಬಹುದು?

ಈ ಆರ್‌ಎನ್‌ಎಗಳನ್ನು ಅಳೆದು ಔಷಧ ಆರಿಸುವ ಪದ್ಧತಿ ಇನ್ನೂ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿಲ್ಲ. ಆದರೆ ಬಹಳ ಬೇಗ ಪತ್ತೆಯಾದರೆ ಎಷ್ಟೋ ಸಲ ಶಸ್ತ್ರಚಿಕಿತ್ಸೆಯೊಂದೇ ಸಾಕಾಗುತ್ತದೆ, ಕೀಮೋಥೆರಪಿಯೇ ಬೇಕಾಗುವುದಿಲ್ಲ. ಇಲ್ಲಿನ ಸರ್ಕಾರ 60ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಉಚಿತ ಪರೀಕ್ಷೆಯ ಕಿಟ್ ಕಳುಹಿಸುವ ಯೋಜನೆಯನ್ನು 2017ರಲ್ಲಿ ಆರಂಭಿಸಿತು. 2025ರಲ್ಲಿ ಆ ವಯಸ್ಸನ್ನು ಹಂತಹಂತವಾಗಿ 58ಕ್ಕೆ ಇಳಿಸುವ ಕೆಲಸ ಶುರುವಾಯಿತು. ಮಲದ ಮಾದರಿ ತೆಗೆಯಬೇಕಲ್ಲ ಎಂದು ಮುಜುಗರಪಟ್ಟು ನಮ್ಮವರು ಕಿಟ್ಟನ್ನು ಮೂಲೆಗೆ ಸೇರಿಸಬಾರದು. ಇಲ್ಲಿ ವಾಸವಿರುವ ನಿಮ್ಮ ಅಪ್ಪ-ಅಮ್ಮ, ಅತ್ತೆ-ಮಾವನವರಿಗೆ ಕಿಟ್ ಬಂದಿದೆಯೇ ಎಂದು ಇವತ್ತೇ ಕೇಳಿ. ಮಲದಲ್ಲಿ ರಕ್ತ ಕಂಡರೆ ಅಥವಾ ಮಲವಿಸರ್ಜನೆಯ ರೀತಿ ಬದಲಾಗಿ ಹಾಗೇ ಉಳಿದರೆ, ವಯಸ್ಸು ಎಷ್ಟೇ ಇರಲಿ, ಮುಂದಿನ ಕಿಟ್ಟಿಗಾಗಿ ಕಾಯದೆ ನಿಮ್ಮ ಜಿಪಿಯವರನ್ನು ಕಾಣಿ.