16 ಯೂರೋ ವಿಮಾನಕ್ಕೆ ತೆತ್ತದ್ದು 93

2019ರ ಬೇಸಿಗೆಯಲ್ಲಿ ಮಿಲಾನ್‌ನಿಂದ ಪ್ಯಾರಿಸ್‌ಗೆ 16 ಯೂರೋಗೆ ವಿಮಾನದ ಟಿಕೆಟ್ ಸಿಕ್ಕಿತು. ಆಗಿನ ಲೆಕ್ಕದಲ್ಲಿ 1,300 ರೂಪಾಯಿಗೂ ಕಡಿಮೆ. ಹಿಂದುಮುಂದು ನೋಡದೆ ಕೊಂಡುಬಿಟ್ಟೆ.

ವಿಮಾನ ಹೊರಡುವುದು ಬೆರ್ಗಮೊದಿಂದ. ಮಿಲಾನ್‌ನಿಂದ ಅಲ್ಲಿಗೆ ಸುಮಾರು 50 ಕಿ.ಮೀ., ಬಸ್ಸಿಗೆ 10 ಯೂರೋ. ಗೇಟಿನ ಬಳಿ ಚೀಲದ ಅಳತೆ ನೋಡಲು ಇಟ್ಟಿದ್ದ ಕಬ್ಬಿಣದ ಚೌಕಟ್ಟಿನೊಳಗೆ ನನ್ನ ಬೆನ್ನಚೀಲ ಇಳಿಯಲಿಲ್ಲ. ಜರ್ಕಿನ್ ತೆಗೆದು ತೊಟ್ಟುಕೊಂಡೆ, ಅಮ್ಮ ಕೊಟ್ಟಿದ್ದ ಚಟ್ನಿಪುಡಿ ಡಬ್ಬಿಯನ್ನು ಕೈಯಲ್ಲಿ ಹಿಡಿದೆ, ಒತ್ತಿದೆ. ಆದರೂ ಎರಡು ಬೆರಳಿನಷ್ಟು ಹೊರಗೇ ಉಳಿಯಿತು. ಅದಕ್ಕೆ 50 ಯೂರೋ ಕಟ್ಟಬೇಕಾಯಿತು. ಇಳಿದದ್ದು ಬೋವೆಯಲ್ಲಿ. ಅಲ್ಲಿಂದ ಪ್ಯಾರಿಸ್ ಇನ್ನೂ 80 ಕಿ.ಮೀ.ಗಿಂತ ದೂರ; ಬಸ್ಸಿಗೆ ಮತ್ತೆ 17. ಕೂಡಿಸಿದರೆ 93 ಯೂರೋ. ತಿಂಗಳ ಹಿಂದೆ ನೋಡಿ ಬಿಟ್ಟಿದ್ದ ನೇರ ರೈಲಿನ ಟಿಕೆಟ್ 39 ಇತ್ತು.

ಅಂದಿನಿಂದ ನಾನು ಬರೀ ಟಿಕೆಟ್ ದರ ನೋಡಿ ತೀರ್ಮಾನಿಸುವುದಿಲ್ಲ. ಈ ಊರಿನ ಹಾಸ್ಟೆಲ್ ಬಾಗಿಲಿನಿಂದ ಆ ಊರಿನ ಹಾಸ್ಟೆಲ್ ಬಾಗಿಲಿಗೆ ಒಟ್ಟು ಎಷ್ಟು ಬೀಳುತ್ತದೆ ಎಂದು ಬರೆದುಕೊಳ್ಳುತ್ತೇನೆ. ಚೀಲ, ನಿಲ್ದಾಣದ ಬಸ್ಸು, ದಾರಿಯ ಊಟ, ಕಳೆದುಹೋಗುವ ಅರ್ಧ ದಿನ, ಎಲ್ಲವೂ ಆ ಲೆಕ್ಕದಲ್ಲಿ ಬರಬೇಕು.

ರಾತ್ರಿ ಬಸ್ಸಿನಲ್ಲಿ ಹೋದರೆ ಒಂದು ರಾತ್ರಿಯ ಹಾಸ್ಟೆಲ್ ಬಾಡಿಗೆ ಉಳಿಯುತ್ತದೆ, ನಿಜ. ಆದರೆ ನಮ್ಮ ಸ್ಲೀಪರ್ ಬಸ್ಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಅಲ್ಲಿ ಸಾಮಾನ್ಯವಾಗಿ ಸೀಟು ಮಾತ್ರ. ಪ್ಯಾರಿಸ್‌ನಿಂದ ಮ್ಯೂನಿಕ್‌ಗೆ ಹಾಗೆ ಹೋದೆ. ನಡುರಾತ್ರಿ ಗಡಿಯಲ್ಲಿ ದೀಪ ಹಾಕಿಸಿ ಪೊಲೀಸರು ಪಾಸ್‌ಪೋರ್ಟ್ ನೋಡಿದರು. ಬೆಳಗ್ಗೆ ಇಳಿದರೆ ಹಾಸ್ಟೆಲ್‌ನಲ್ಲಿ ಹಾಸಿಗೆ ಸಿಗುವುದು ಮಧ್ಯಾಹ್ನ ಮೂರಕ್ಕೆ. 25 ಯೂರೋ ಉಳಿಸಲು ಹೋಗಿ ಒಂದು ಹಗಲನ್ನು ಬೆಂಚಿನ ಮೇಲೆ ತೂಕಡಿಸಿ ಕಳೆದೆ. ಇಪ್ಪತ್ತರ ವಯಸ್ಸಿಗೆ ಅದು ಸರಿಹೋದೀತು. ನನ್ನ ಮಟ್ಟಿಗೆ ಸಾಕು.

ಎಲ್ಲರೂ ಮೊದಲು ಕೇಳುವುದು ಯೂರೋಪಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಸಿಗುವ ಯೂರೇಲ್ ಪಾಸ್ ಬಗ್ಗೆ. ಪಾಸ್ ಬೆಲೆಯನ್ನು ನೀವು ರೈಲು ಹತ್ತುವ ದಿನಗಳಿಂದ ಭಾಗಿಸಿ, ಅದಕ್ಕೆ ಸೀಟು ಕಾಯ್ದಿರಿಸುವ ಶುಲ್ಕ ಸೇರಿಸಿ. ಫ್ರಾನ್ಸ್, ಇಟಲಿ, ಸ್ಪೇನ್‌ಗಳ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಈ ಶುಲ್ಕ ಬೇರೆ ಕೊಡಲೇಬೇಕು. ಜರ್ಮನಿ, ಆಸ್ಟ್ರಿಯಾಗಳ ಹೆಚ್ಚಿನ ಹಗಲು ರೈಲುಗಳಲ್ಲಿ ಬೇಡ. 27 ದಾಟದವರಿಗೆ ಪಾಸ್ ಅಗ್ಗ. ದಿನಾಂಕ ಮೊದಲೇ ಗೊತ್ತಿದ್ದರೆ ಮುಂಗಡ ಟಿಕೆಟ್‌ಗಳೇ ಸಾಮಾನ್ಯವಾಗಿ ಲಾಭ. ಮನಸ್ಸು ಬಂದ ದಿನ, ಬಂದ ಕಡೆ ಹೊರಡುವವರಿಗೆ ಪಾಸ್ ಒಳ್ಳೆಯದು. ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಒಂದು ವಿಷಯ ಗಮನಿಸಬೇಕು: ಪಾಸ್‌ಪೋರ್ಟ್ ಭಾರತದ್ದಾದರೂ ವಾಸ ಅಲ್ಲಿಯದಾದ್ದರಿಂದ ಅವರಿಗೆ ಅನ್ವಯಿಸುವುದು ಇಂಟರ್‌ರೇಲ್, ಯೂರೇಲ್ ಅಲ್ಲ.

2024ರ ಮೇ ತಿಂಗಳಲ್ಲಿ ತಮ್ಮನ ಜೊತೆ ಮತ್ತೆ ಹೋದಾಗ ಪಾಸ್ ಕೊಳ್ಳಲಿಲ್ಲ, ತಿರುಗುವ ಜಾಗವನ್ನೇ ಕಿರಿದು ಮಾಡಿಕೊಂಡೆವು. ಮ್ಯೂನಿಕ್, ಸಾಲ್ಜ್‌ಬರ್ಗ್, ವಿಯೆನ್ನಾ, ಬ್ರಾಟಿಸ್ಲಾವಾ, ಪ್ರಾಗ್, ಡ್ರೆಸ್ಡೆನ್, ಬರ್ಲಿನ್. ಒಂದೊಂದೂ ಪಕ್ಕದೂರೇ, ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೆ ರೈಲಿನಲ್ಲಿ ಒಂದು ಗಂಟೆ. ಜರ್ಮನಿಯಲ್ಲಿ ನಮ್ಮನ್ನು ಕಾಪಾಡಿದ್ದು ಡಾಯ್ಚ್‌ಲಾಂಡ್ ಟಿಕೆಟ್. ಆಗ ತಿಂಗಳಿಗೆ 49 ಯೂರೋ. 2026ರ ಜನವರಿಯಿಂದ 63. ದೇಶದ ಪ್ರಾದೇಶಿಕ ರೈಲು, ನಗರದ ಬಸ್ಸು, ಮೆಟ್ರೋ, ಟ್ರಾಮ್ ಎಲ್ಲಕ್ಕೂ ಅದೊಂದೇ ಸಾಕು. ಗಡಿಯಾಚೆಯ ಸಾಲ್ಜ್‌ಬರ್ಗ್‌ವರೆಗೂ ನಡೆಯುತ್ತದೆ. ಐಸಿಇಯಂಥ ವೇಗದ ರೈಲಿಗೆ ನಡೆಯುವುದಿಲ್ಲ. ಇದು ಕ್ಯಾಲೆಂಡರ್ ತಿಂಗಳ ಚಂದಾ. ಹಾಗಾಗಿ ಪ್ರಯಾಣ ಒಂದೇ ತಿಂಗಳೊಳಗೆ ಮುಗಿಯುವಂತೆ ನೋಡಿಕೊಳ್ಳಿ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ನಾನು ಕೊಂಡ ದಿನವೇ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ.

ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿಯೋ ಯೂರೋವೋ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ದರವೇ ಗತಿ. ನಮ್ಮ ಬ್ಯಾಂಕುಗಳ ಎಷ್ಟೋ ಕಾರ್ಡ್‌ಗಳು ವಿದೇಶಿ ಖರ್ಚಿನ ಮೇಲೆ ಶೇ. 3.5ರವರೆಗೆ, ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಹೊರಡುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಿ.

ತಮ್ಮನ ಜೊತೆಗಿನ ಆ ಪ್ರಯಾಣದ ಪುಟ ನನ್ನ ಲೆಕ್ಕದ ಪುಸ್ತಕದಲ್ಲಿದೆ. ಡಾಯ್ಚ್‌ಲಾಂಡ್ ಟಿಕೆಟ್ 49, ಸಾಲ್ಜ್‌ಬರ್ಗ್‌ನಿಂದ ವಿಯೆನ್ನಾಕ್ಕೆ 20, ಬ್ರಾಟಿಸ್ಲಾವಾಕ್ಕೆ 11, ಪ್ರಾಗ್‌ಗೆ 17, ಡ್ರೆಸ್ಡೆನ್‌ಗೆ 15. ಏಳು ಊರಿಗೆ ತಲೆಗೆ 112 ಯೂರೋ, ಅಂದಿನ ದರದಲ್ಲಿ ಸುಮಾರು ಹತ್ತು ಸಾವಿರ ರೂಪಾಯಿ.