ರಿಟರ್ನ್ ಪಾರ್ಸೆಲ್‌ನಲ್ಲಿ ಬಂದ ಹಳೆ ಸೀರೆ

ಇಳಕಲ್ಲಿನಲ್ಲಿ ಸೀರೆ ಮಾರುವ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಕೈಮಗ್ಗದ ಸೀರೆ, ಟೋಪ ತೆನಿ ಸೆರಗು, ಗೋಮಿ ದಡಿ, ಬೆಲೆ 3,200 ರೂಪಾಯಿ. ಆ್ಯಪ್ ಮೂಲಕ ಪುಣೆಯ ಗಿರಾಕಿಯೊಬ್ಬರು ತರಿಸಿಕೊಂಡರು. ಹತ್ತು ದಿನದ ಮೇಲೆ ‘ಬೇರೆ ಮಾಲು ಬಂದಿದೆ’ ಎಂಬ ಕಾರಣ ಹೊತ್ತು ಅದು ರಿಟರ್ನ್ ಆಯಿತು. ಕವರ್ ಕತ್ತರಿಸಿದರೆ ಒಳಗಿದ್ದದ್ದು ಬಣ್ಣ ಮಾಸಿದ ಪಾಲಿಯೆಸ್ಟರ್ ಸೀರೆ, ಫಾಲ್ ಅರ್ಧ ಬಿಚ್ಚಿಹೋಗಿದೆ. ಅಷ್ಟರಲ್ಲಿ ಗಿರಾಕಿಗೆ ಹಣ ವಾಪಸ್ ಹೋಗಿಯಾಗಿತ್ತು. ಮುಂದಿನ ಸೆಟಲ್‌ಮೆಂಟ್‌ನಲ್ಲಿ 3,200 ರೂಪಾಯಿಯ ಜೊತೆಗೆ ಮರುಸಾಗಣೆಯ ಖರ್ಚೂ ಕಡಿತವಾಯಿತು. ಸೀರೆಯೂ ಹೋಯಿತು, ದುಡ್ಡೂ ಹೋಯಿತು.

ಆನ್‌ಲೈನ್‌ನಲ್ಲಿ ಮಾರುವ ಸಣ್ಣವರಿಗೆ ಇದು ಹೊಸ ಕಥೆಯಲ್ಲ. ಖಾಲಿ ಡಬ್ಬಿ ಮರಳಿ ಬರುತ್ತದೆ. ಮದುವೆಗೆ ಉಟ್ಟು, ಬೆವರಿನ ಕಲೆ ಸಮೇತ ಮಡಿಚಿ ಕಳಿಸಿದ ರೇಷ್ಮೆ ಸೀರೆ ಬರುತ್ತದೆ. ಹೊಸ ಮಿಕ್ಸಿಯ ಜಾಗದಲ್ಲಿ ಹಳೆ ಮಿಕ್ಸಿ ಬರುತ್ತದೆ. ನಷ್ಟವನ್ನು ಹಣೆಬರಹ ಅಂದುಕೊಂಡು ನುಂಗುವವರೇ ಹೆಚ್ಚು. ನುಂಗಬೇಕಾಗಿಲ್ಲ. ಕಾನೂನಿನಲ್ಲಿ ದಾರಿಗಳಿವೆ. ಆದರೆ ಆ ದಾರಿಗಳೆಲ್ಲ ರಿಟರ್ನ್ ಪಾರ್ಸೆಲ್ ಕೈಗೆ ಬಂದ ಮೊದಲ ಅರ್ಧ ಗಂಟೆಯಲ್ಲಿ ನೀವು ಏನು ಮಾಡಿದಿರಿ ಎಂಬುದರ ಮೇಲೆ ನಿಂತಿವೆ.

ಮೊದಲಿಗೆ ಗಿರಾಕಿಯ ಹಕ್ಕು ಎಲ್ಲಿಯವರೆಗೆ ಎಂಬುದನ್ನು ತಿಳಿಯೋಣ. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದರೆ ಕೆಲಸ ಮುಗಿಯಿತು ಎಂದುಕೊಂಡವರಿದ್ದಾರೆ. ಅದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ಅವುಗಳಲ್ಲಿ 6ನೇ ನಿಯಮ ಮಾರಾಟಗಾರರನ್ನೇ ಉದ್ದೇಶಿಸಿದ್ದು. ಮಾಲಿನಲ್ಲಿ ದೋಷವಿದ್ದರೆ, ಅದು ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣಗಳು ಇಲ್ಲದಿದ್ದರೆ ಅಥವಾ ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ, ವಾಪಸ್ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣಕ್ಕೆ ತಡವಾದರೆ ಮಾತ್ರ ವಿನಾಯಿತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದು ಅದೇ ಕಾಯ್ದೆಯ 2(47)ನೇ ಕಲಮಿನ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ ನೇರವಾಗಿ ಮಾರುವವರೂ ಇದರಿಂದ ತಪ್ಪಿಸಿಕೊಳ್ಳಲಾರರು.

ಈ ಪಟ್ಟಿಯಲ್ಲಿ ಇಲ್ಲದ್ದನ್ನೂ ಗಮನಿಸಿ. ‘ಮನಸ್ಸು ಬದಲಾಯಿತು’, ‘ಬಣ್ಣ ಯಾಕೋ ಒಪ್ಪಲಿಲ್ಲ’ ಎಂದು ಸರಿಯಾದ ಮಾಲನ್ನು ಮರಳಿಸುವ ಹಕ್ಕನ್ನು ಈ ನಿಯಮ ಕೊಟ್ಟಿಲ್ಲ. ಆ ಸೌಲಭ್ಯ ಬಂದಿರುವುದು ಆ್ಯಪ್ ಕಂಪನಿಯ ರಿಟರ್ನ್ ಪಾಲಿಸಿಯಿಂದ. ಸೆಲ್ಲರ್ ಆಗಿ ನೋಂದಾಯಿಸಿಕೊಳ್ಳುವಾಗ ನೀವೇ ಅದಕ್ಕೆ ಒಪ್ಪಿಗೆ ಕೊಟ್ಟಿರುತ್ತೀರಿ. ಅಂದರೆ ಒಂದು ಕಾನೂನಿನ ಕರ್ತವ್ಯ, ಇನ್ನೊಂದು ಕರಾರಿನ ಷರತ್ತು. ಜಗಳ ಯಾವುದರ ಮೇಲೆ ಎಂಬುದು ಸ್ಪಷ್ಟವಾದರೆ ಅರ್ಧ ಗೊಂದಲ ಕಳೆಯುತ್ತದೆ. ನಿಮ್ಮ ಸ್ವಂತ ಪುಟದಲ್ಲಿ ಮಾರುವುದಾದರೆ ಈ ಷರತ್ತನ್ನು ಬರೆಯುವವರು ನೀವೇ. ‘ಟ್ಯಾಗ್ ಕಿತ್ತ, ಉಟ್ಟ, ಒಗೆದ ಸೀರೆಗೆ ರಿಟರ್ನ್ ಇಲ್ಲ, ಮಾಲಿನಲ್ಲಿ ದೋಷವಿದ್ದರೆ ಇಷ್ಟು ದಿನದೊಳಗೆ ತಿಳಿಸಿ’ ಎಂದು ಗಿರಾಕಿ ಹಣ ಕಳಿಸುವ ಮೊದಲೇ ಕಾಣುವಂತೆ ಹಾಕಿ. ಹಣ ಬಂದ ಮೇಲೆ ಹೇಳಿದ ಷರತ್ತಿಗೆ ಬೆಲೆಯಿಲ್ಲ.

ಗಿರಾಕಿಯನ್ನು ಕಳ್ಳ ಎನ್ನುವ ಮೊದಲು ಮನೆಯೊಳಗೂ ನೋಡಬೇಕು. ಹಬ್ಬದ ಸೀಸನ್ನಿನಲ್ಲಿ ಒಂದೇ ಮೇಜಿನ ಮೇಲೆ ಐವತ್ತು ಪಾರ್ಸೆಲ್ ಕಟ್ಟುವಾಗ ಲೇಬಲ್ ಅದಲುಬದಲಾಗುತ್ತದೆ. ಸಾಗಣೆಯ ಗೋದಾಮಿನಲ್ಲಿ ಕವರ್ ಹರಿದು ಬೇರೆಯವರ ಮಾಲು ನಿಮ್ಮ ಹೆಸರಿನ ಚೀಲ ಸೇರುತ್ತದೆ. ಮಾಲು ಬದಲಾದದ್ದು ಗಿರಾಕಿಯ ಮನೆಯಲ್ಲೋ, ಪಿಕಪ್ ಮಾಡಿದವನ ಕೈಯಲ್ಲೋ ಎಂಬುದು ಪಾರ್ಸೆಲ್ ಮುಖ ನೋಡಿದರೆ ಗೊತ್ತಾಗದು. ಎಷ್ಟೋ ರಿಟರ್ನ್‌ಗಳಲ್ಲಿ ಗಿರಾಕಿಯ ತಪ್ಪೇ ಇರುವುದಿಲ್ಲ. ಆ ಎಚ್ಚರ ಇಟ್ಟುಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಆ ಹೆಜ್ಜೆ ಸಾಕ್ಷ್ಯದ್ದು. ಅದು ರಿಟರ್ನ್ ದಿನವಲ್ಲ, ಮಾಲು ಕಳಿಸುವ ದಿನವೇ ಶುರುವಾಗುತ್ತದೆ. ಸೀರೆಯ ಒಳಮಡಿಕೆಯಲ್ಲಿ ನಿಮಗಷ್ಟೇ ಗೊತ್ತಿರುವ ನಂಬರಿನ ಪುಟ್ಟ ಪಟ್ಟಿ ಹೊಲಿಯಿರಿ. ಪ್ಯಾಕ್ ಮಾಡುವಾಗ ಮೊಬೈಲನ್ನು ಒಂದೆಡೆ ನಿಲ್ಲಿಸಿ ವಿಡಿಯೊ ಮಾಡಿ: ಸೆರಗು, ದಡಿ, ಪಟ್ಟಿಯ ನಂಬರು, ತಕ್ಕಡಿಯ ಮೇಲಿನ ತೂಕ, ಕವರ್ ಅಂಟಿಸಿದ್ದು, ಲೇಬಲ್ಲಿನ ಎಡಬ್ಲ್ಯುಬಿ (ಸಾಗಣೆಯ ಗುರುತಿನ) ನಂಬರು, ಎಲ್ಲವೂ ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ. ರಿಟರ್ನ್ ಬಂದಾಗಲೂ ಹಾಗೆಯೇ. ಕವರನ್ನು ಆರು ಬದಿಯೂ ತೋರಿಸಿ, ತೂಗಿ, ಆಮೇಲೆ ಕತ್ತರಿಸಿ. ಡೆಲಿವರಿ ಹುಡುಗ ನಿಲ್ಲಲು ಒಪ್ಪಿದರೆ ಅವನ ಮುಂದೆಯೇ ತೆಗೆಯಿರಿ, ವ್ಯತ್ಯಾಸವಿದ್ದರೆ ಅವನ ಚೀಟಿಯಲ್ಲೋ ಆ್ಯಪ್‌ನಲ್ಲೋ ಬರೆಸಿ. ತೂಕ ಚಿಕ್ಕ ವಿಷಯವೆನಿಸಬಹುದು, ಆದರೆ ಎಷ್ಟೋ ಸಲ ಅದೇ ಕೈ ಹಿಡಿಯುತ್ತದೆ. ಕಳಿಸುವಾಗ 620 ಗ್ರಾಂ ಇದ್ದ ಪಾರ್ಸೆಲ್ ಮರಳುವಾಗ 340 ಗ್ರಾಂ ಇದೆ ಎನ್ನುವುದು ಯಾರ ಮಾತಿಗೂ ಕಾಯದ ಸಾಕ್ಷಿ.

ವಿಡಿಯೊ ಫೈಲನ್ನು ವಾಟ್ಸಾಪ್‌ನಲ್ಲಿ ಯಾರಿಗೋ ಕಳಿಸಿದ್ದೇವೆಂದು ಮೊಬೈಲಿನ ಮೂಲ ಫೈಲನ್ನು ಅಳಿಸಬೇಡಿ. ವಾಟ್ಸಾಪ್ ಫೈಲನ್ನು ಕುಗ್ಗಿಸಿ ಬದಲಿಸಿಬಿಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದು ಭಾಗಕ್ಕೆ ದಾಖಲೆ ಕೊಡುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಫೈಲಿನ ಹ್ಯಾಶ್ ಸಂಖ್ಯೆಯೂ ಅದರಲ್ಲಿರಬೇಕು. ನಮೂನೆ ಕಾಯ್ದೆಯ ಕೊನೆಯಲ್ಲೇ ಇದೆ.

ಸಾಕ್ಷ್ಯ ಕೈಯಲ್ಲಿದ್ದರೆ ಅದೇ ದಿನ ಆ್ಯಪ್‌ನ ಸೆಲ್ಲರ್ ಪ್ಯಾನೆಲ್‌ನಲ್ಲಿ ಕ್ಲೇಮ್ ಹಾಕಿ. ಅಮೆಜಾನ್‌ನಲ್ಲಿ ಇದಕ್ಕೆ ಸೇಫ್-ಟಿ ಕ್ಲೇಮ್ ಎನ್ನುತ್ತಾರೆ, ಫ್ಲಿಪ್‌ಕಾರ್ಟ್‌ನಲ್ಲಿ ಎಸ್‌ಪಿಎಫ್. ಪ್ರತಿ ಕಂಪನಿಯೂ ಗಡುವು ಇಟ್ಟಿರುತ್ತದೆ, ಅದನ್ನು ಆಗಾಗ ಬದಲಿಸುತ್ತದೆ. ಗಡುವು ಮೀರಿದರೆ ಎಂಥ ವಿಡಿಯೊ ಇದ್ದರೂ ಪ್ಯಾನೆಲ್ ತೆರೆದುಕೊಳ್ಳದು. ದೂರಿನಲ್ಲಿ ‘ಗಿರಾಕಿ ಮೋಸ ಮಾಡಿದರು’ ಎಂದು ಬರೆಯಬೇಡಿ. ‘ಕಳಿಸಿದ್ದು ಈ ನಂಬರಿನ ಸೀರೆ, ತೂಕ ಇಷ್ಟು, ಬಂದದ್ದು ಇದು, ತೂಕ ಇಷ್ಟು, ವಿಡಿಯೊದ ಇಂಥ ನಿಮಿಷದಲ್ಲಿ ನೋಡಿ’ ಎಂದಷ್ಟೇ ಬರೆಯಿರಿ. ಮೊದಲ ಸಲ ತಿರಸ್ಕರಿಸಿದರೆ ಮೇಲ್ಮನವಿ ಹಾಕಿ, ಪ್ರತಿ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂಬ ನಿಯಮ ಗ್ರಾಹಕರ ದೂರುಗಳಿಗೆ. ಮಾರಾಟಗಾರರ ದೂರಿಗೆ ಅಂಥ ಗಡುವು ಇ-ಕಾಮರ್ಸ್ ನಿಯಮಗಳಲ್ಲಿಲ್ಲ. ನಕಲಿ ಮಾಲಿನಂಥ ಕಾರಣಕ್ಕೆ ತೆಗೆದುಹಾಕಿದ್ದನ್ನು ಮತ್ತೆ ಮತ್ತೆ ಮಾರುವವರ ದಾಖಲೆ ಇಡಬೇಕೆಂದು ನಿಯಮ ಹೇಳುತ್ತದೆ. ಮತ್ತೆ ಮತ್ತೆ ಖಾಲಿ ಡಬ್ಬಿ ಮರಳಿಸುವ ಗಿರಾಕಿಯ ದಾಖಲೆಯ ಬಗ್ಗೆ ಅದು ಮೌನವಾಗಿದೆ. ಇದು ಸರಿಯಾಗಬೇಕಾದ ಕೊರತೆ ಎಂದು ನಾನು ನಂಬುತ್ತೇನೆ.

ಕಂಪನಿ ಹಣ ಕೊಡದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದೇ? ಬಾಗಿಲು ಬಹಳ ಇಕ್ಕಟ್ಟು. ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರು ‘ಗ್ರಾಹಕ’ರಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ವಿನಾಯಿತಿ ಇದೆಯಾದರೂ 2019ರ ಕಾಯ್ದೆಯ ವಿವರಣೆಯಲ್ಲಿ ಉಳಿದಿರುವುದು ಸರಕಿನ ಮಾತು ಮಾತ್ರ, ಸೇವೆಯದಲ್ಲ. ಆದ್ದರಿಂದ ನೆಚ್ಚಬೇಕಾದದ್ದು ಕರಾರನ್ನೇ. ಸೆಲ್ಲರ್ ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದೆಯೇ, ಯಾವ ಊರಿನ ನ್ಯಾಯಾಲಯ ಎಂದಿದೆ ಎಂದು ಓದಿ, ವಕೀಲರಿಂದ ನೋಟಿಸ್ ಕೊಡಿಸಿ. ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ನಮ್ಮ ಇಳಕಲ್ಲಿನ ಹೆಣ್ಣುಮಗಳು ಈ ಸವಲತ್ತಿಗೆ ನೇರ ಹಕ್ಕುದಾರಳು.

ಇನ್ನು ಪೊಲೀಸ್ ಠಾಣೆ. ಸುಳ್ಳು ಹೇಳಿ ನಂಬಿಸಿ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನ ವಂಚನೆ, ಏಳು ವರ್ಷದವರೆಗೆ ಜೈಲು ಮತ್ತು ದಂಡ. ಮಾಲು ಬದಲಾದದ್ದು ಸಾಗಣೆಯವರ ಕೈಯಲ್ಲಿ ಎಂದು ಕಂಡರೆ 316(3)ನೇ ಕಲಮಿನ ನಂಬಿಕೆದ್ರೋಹ. ‘ದುಡ್ಡು ವಾಪಸ್ ಕೊಡದಿದ್ದರೆ ಕೆಟ್ಟ ರಿವ್ಯೂ ಹಾಕುತ್ತೇನೆ’ ಎಂದು ಬೆದರಿಸಿ ಹಣ ಕಿತ್ತರೆ ಸುಲಿಗೆಯ 308ನೇ ಕಲಮನ್ನೂ ಪರಿಶೀಲಿಸಬಹುದು. ಠಾಣೆಯಲ್ಲಿ ಮೊದಲು ಕೇಳಿಬರುವ ಮಾತು ಮಾತ್ರ ಬೇರೆ: ‘ಅಕ್ಕಾರ, ಇದು ಸಿವಿಲ್ ಮ್ಯಾಟರ್ ಐತ್ರಿ.’

ಆ ಮಾತಿನಲ್ಲಿ ಅರ್ಧ ಸತ್ಯವಿದೆ. ವಂಚನೆ ಎನ್ನಲು ಮೋಸದ ಉದ್ದೇಶ ಮೊದಲಿನಿಂದಲೇ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ. ರಿಟರ್ನ್ ವಿಷಯದಲ್ಲಿ ನೋಡಬೇಕಾದದ್ದು ಸೀರೆ ಕೊಂಡ ಗಳಿಗೆಯನ್ನಲ್ಲ, ‘ಬೇರೆ ಮಾಲು ಬಂದಿದೆ’ ಎಂದು ಸುಳ್ಳು ಕಾರಣ ಒತ್ತಿದ ಗಳಿಗೆಯನ್ನು. ಹಣ ಕೈಬಿಟ್ಟದ್ದು ಆ ಸುಳ್ಳನ್ನು ನಂಬಿ. ದೂರಿನಲ್ಲಿ ಇದನ್ನೇ ಬಿಡಿಸಿ ಬರೆಯಿರಿ. ‘ರೀಫಂಡ್ ಕೊಟ್ಟದ್ದು ಕಂಪನಿ, ನಿಮಗೇನು?’ ಎಂದರೆ ಸೆಟಲ್‌ಮೆಂಟ್ ವರದಿಯ ಕಡಿತದ ಸಾಲು ತೋರಿಸಿ. ಲಲಿತಾ ಕುಮಾರಿ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್, ಸಂಜ್ಞೇಯ ಅಪರಾಧ ಕಂಡರೆ ಎಫ್‌ಐಆರ್ ಕಡ್ಡಾಯ ಎಂದಿತು. ಆದರೆ ವ್ಯಾಪಾರದ ವ್ಯಾಜ್ಯಗಳಲ್ಲಿ ಪ್ರಾಥಮಿಕ ವಿಚಾರಣೆ ನಡೆಸಬಹುದು ಎಂದೂ ಹೇಳಿತು. ಹಾಗಾಗಿ ವಿಚಾರಣೆಗೆ ಕರೆದರೆ ಸಿಟ್ಟಾಗದೆ ಹೋಗಿ. ಗಿರಾಕಿ ಪುಣೆಯವರು ಎಂಬ ಕಾರಣಕ್ಕೆ ದೂರು ನಿರಾಕರಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ವ್ಯಾಪ್ತಿ ಯಾವುದೇ ಇರಲಿ ಮಾಹಿತಿ ದಾಖಲಿಸಲು ಹೇಳುತ್ತದೆ. ಇ-ಮೇಲ್‌ನಂಥ ಮಾರ್ಗದಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ನಿರಾಕರಿಸಿದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಬರೆಯಿರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಗಿರಾಕಿಯ ಫೋನ್ ನಂಬರನ್ನು ಆ್ಯಪ್ ಮುಚ್ಚಿಟ್ಟಿದ್ದರೂ ಪೊಲೀಸರು ಕಂಪನಿಯಿಂದ ವಿವರ ತರಿಸಿಕೊಳ್ಳಬಲ್ಲರು.

ಒಂದೇ ಸೀರೆಗಾಗಿ ಇಷ್ಟೆಲ್ಲ ಓಡಾಟ ಬೇಕೇ ಎಂಬುದು ನ್ಯಾಯವಾದ ಪ್ರಶ್ನೆ. ನನ್ನ ಸಲಹೆ: ಮೊದಲ ಸಲಕ್ಕೆ ಕ್ಲೇಮ್ ಸಾಕು. ಅದೇ ವಿಳಾಸ, ಅದೇ ಹೆಸರು ಎರಡನೇ ಸಲ ಬಂದರೆ ಠಾಣೆಗೆ ಹೋಗಿ, ಏಕೆಂದರೆ ಉದ್ದೇಶವನ್ನು ತೋರಿಸುವುದು ಪುನರಾವರ್ತನೆ. 2017ರಲ್ಲಿ ಬೆಂಗಳೂರಿನಲ್ಲಿ, ದುಬಾರಿ ವಸ್ತು ತರಿಸಿ ಅಗ್ಗದ ನಕಲು ಮರಳಿಸಿದ ಆರೋಪದ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದ್ದರು. ಅಲ್ಲಿಯೂ ಕಣ್ಣಿಗೆ ಬಿದ್ದದ್ದು ಒಂದು ರಿಟರ್ನ್ ಅಲ್ಲ, ರಿಟರ್ನ್‌ಗಳ ಸಾಲು. 318(4)ರ ಪ್ರಕರಣವನ್ನು ನ್ಯಾಯಾಲಯದ ಅನುಮತಿಯಿಂದ ರಾಜಿ ಮಾಡಿಕೊಳ್ಳಲು ಅವಕಾಶವಿದೆ. ಹಣ ಮರಳಿ ಬರುವುದೇ ಮುಖ್ಯವೆಂದರೆ ಅದೂ ನೆನಪಿರಲಿ.

ಸಿಟ್ಟಿನಲ್ಲಿ ಒಂದು ಕೆಲಸ ಮಾತ್ರ ಮಾಡಬೇಡಿ. ಗಿರಾಕಿಯ ಹೆಸರು, ಫೋನು, ವಿಳಾಸವನ್ನು ‘ಕಳ್ಳಿ’, ‘ಕಳ್ಳ’ ಎಂದು ಸ್ಟೇಟಸ್‌ಗೆ ಹಾಕಬೇಡಿ. ಮಾನನಷ್ಟದ ಕೇಸು ನಿಮ್ಮ ಮೇಲೆ ಬೀಳುತ್ತದೆ. ಕರಾರಿನಡಿ ಸಿಕ್ಕ ವೈಯಕ್ತಿಕ ಮಾಹಿತಿಯನ್ನು ಹಾನಿ ಮಾಡಲು ಬಹಿರಂಗಪಡಿಸಿದರೆ ಐಟಿ ಕಾಯ್ದೆಯ 72ಎ ಕಲಮೂ ಬರಬಹುದು.

ಕೆಲವೊಮ್ಮೆ ಮೋಸ ಮಾಡಿದವರೇ ಗ್ರಾಹಕರ ಆಯೋಗಕ್ಕೆ ಹೋಗುತ್ತಾರೆ. ತಾವು ವಾಸಿಸುವ ಊರಿನ ಆಯೋಗದಲ್ಲೇ ದೂರು ಹಾಕುವ ಹಕ್ಕು ಅವರಿಗಿದೆ. ಪುಣೆಯಿಂದ ಬಂದ ನೋಟಿಸನ್ನು ‘ಯಾರು ಹೋಗ್ತಾರೆ ಅಲ್ಲಿಗೆ’ ಎಂದು ಡ್ರಾಯರಿಗೆ ಹಾಕಿದವರು ಏಕಪಕ್ಷೀಯ ಆದೇಶಕ್ಕೆ ಸಿಕ್ಕಿಬೀಳುತ್ತಾರೆ. ಲಿಖಿತ ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಮತ್ತೆ 15 ದಿನ. ಅದರಾಚೆ ಒಂದು ದಿನವೂ ಇಲ್ಲವೆಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಖಚಿತಪಡಿಸಿದೆ. ಉತ್ತರದ ಜೊತೆಗೆ ಪ್ಯಾಕಿಂಗ್ ವಿಡಿಯೊ, ತೂಕ, ಪ್ರಮಾಣಪತ್ರ ಹೋಗಲಿ. ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲು ಕೋರಬಹುದು, ಸ್ವತಃ ವಾದಿಸಲೂಬಹುದು. ದೋಷ ಬರಿಗಣ್ಣಿಗೆ ಕಾಣದಂಥದ್ದಾದರೆ ಮಾಲನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಲು ಕೇಳಿ.

ತೆರಿಗೆಯ ಕಡೆಯೂ ಗಮನವಿರಲಿ. ಜಿಎಸ್‌ಟಿ ಲೆಕ್ಕದಲ್ಲಿ ನಿಜವಾಗಿ ಮರಳಿ ಬಂದ ಮಾಲಿಗೆ ಕ್ರೆಡಿಟ್ ನೋಟ್ ಇದೆ. ಬದಲಿ ಮಾಲು ಬಂದದ್ದನ್ನು ಹೇಗೆ ತೋರಿಸಬೇಕೆಂದು ನಿಮ್ಮ ಲೆಕ್ಕಿಗರಿಗೆ ವಿಡಿಯೊ ಸಮೇತ ಹೇಳಿ, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಮೊದಲೇ.

ಇನ್ನು ಆ ಹಳೆ ಪಾಲಿಯೆಸ್ಟರ್ ಸೀರೆ. ಅಸಹ್ಯಪಟ್ಟು ಎಸೆಯಬೇಡಿ, ಮನೆಗೆಲಸದವರಿಗೂ ಕೊಡಬೇಡಿ. ಬಂದ ಕವರಿನೊಳಗೇ, ಲೇಬಲ್ ಹರಿಯದಂತೆ, ದಿನಾಂಕ ಬರೆದು, ಬೀರುವಿನ ಮೇಲಿನ ಖಾನೆಯಲ್ಲಿಟ್ಟು ಬೀಗ ಹಾಕಿ. ಪೊಲೀಸರು ಜಪ್ತಿ ಮಾಡುವವರೆಗೆ ಅಥವಾ ಕ್ಲೇಮಿನ ದುಡ್ಡು ಖಾತೆಗೆ ಬೀಳುವವರೆಗೆ ಅದು ಅಲ್ಲೇ ಇರಲಿ.